ಪಂಪು ಶುರುವಾಗುವವರೆಗಿನ ಪಾಠ

ಮನೆಮನೆಗೆ ಹೋಗಿ ಇಂಟರ್‌ನೆಟ್ ರಿಪೇರಿ ಮಾಡುವ ಕೆಲಸಕ್ಕೆ ಈಗಷ್ಟೇ ಸೇರಿರುವ ಹುಡುಗ ಹುಡುಗಿಯರೇ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಯಾರೂ ನಿಮಗೆ ನಗುಮುಖದಿಂದ ಬಾಗಿಲು ತೆರೆಯುವುದಿಲ್ಲ. ನೆಟ್ ಸರಿಯಿದ್ದಾಗ ನೀವೊಬ್ಬರು ಇದ್ದೀರಿ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟಾಗ ಮಾತ್ರ, ಕೆಡಿಸಿದವರು ನೀವೇ ಎಂಬಂತೆ ಮೇಲಿನಿಂದ ಕೆಳಗೆ ನೋಡುತ್ತಾರೆ. ಕಂಪನಿಯ ತರಬೇತಿಯಲ್ಲಿ ಇದನ್ನು ಹೇಳುವುದಿಲ್ಲ. ಅಲ್ಲಿ ಪರದೆಯ ಮೇಲೆ ಬಾಣ ಎಳೆದು, ಮೊದಲು ಇದನ್ನು ಆರಿಸಿ ಹಚ್ಚಿ, ಆಮೇಲೆ ಇದನ್ನು ಒತ್ತಿ ಎಂದು ತೋರಿಸಿ, ಮಧ್ಯಾಹ್ನ ಊಟ ಹಾಕಿ ಕಳಿಸುತ್ತಾರೆ.

ನಾನು ಇಮಾಮಸಾಬ್. ಊರು ವಿಜಯಪುರದ ಕಡೆ. ಬೆಳೆದದ್ದು, ದುಡಿದದ್ದು, ನಿವೃತ್ತನಾದದ್ದು ಎಲ್ಲ ಮುಂಬಯಿಯಲ್ಲಿ. ಮನೆಮಾತು ದಖ್ಖನಿ. ಕನ್ನಡ ಓದಿದ್ದು ಇಲ್ಲಿನದೇ ಒಂದು ಮುನಸಿಪಾಲ್ಟಿ ಶಾಲೆಯಲ್ಲಿ. ಆ ಕನ್ನಡ ಶಾಲೆ ಮುಚ್ಚಿ ಎಷ್ಟೋ ವರ್ಷವಾಯಿತು, ಕಟ್ಟಡ ಮಾತ್ರ ಹಾಗೇ ಇದೆ. ಮೊದಲು ನಾನು ಕೇಬಲ್ ಟಿವಿಯ ತಂತಿ ಎಳೆಯುತ್ತಿದ್ದೆ, ಒಂದು ಬಿಲ್ಡಿಂಗಿನ ಗಚ್ಚಿಯಿಂದ ಇನ್ನೊಂದರ ಗಚ್ಚಿಗೆ. ಮುಂದೆ ಅದೇ ತಂತಿಯಲ್ಲಿ ಇಂಟರ್‌ನೆಟ್ ಬಂತು, ನಾನೂ ಇಂಟರ್‌ನೆಟ್ಟಿನವನಾದೆ. ಆಗ ತೊಂದರೆ ಕಣ್ಣಿಗೆ ಕಾಣುತ್ತಿತ್ತು. ಇಲಿ ತಂತಿ ಕಡಿದಿದ್ದರೆ ಕಡಿದ ಜಾಗ ಸಿಗುತ್ತಿತ್ತು, ಜೋಡಿಸಿ ಬಂದರೆ ಮುಗಿಯಿತು. ಯಾವಾಗ ಎಲ್ಲರೂ ಲ್ಯಾಪ್‌ಟಾಪ್ ತಂದು, ತಂತಿ ಬೇಡ, ವೈಫೈ ಬೇಕು ಅಂದರೋ, ಯಾವಾಗ ಗೋಡೆಯ ಮೇಲೆ ಆ ರೌಟರ್ ಡಬ್ಬಿ ಬಂದು ಕೂತಿತೋ, ಅವತ್ತೇ ನಮ್ಮ ನೆಮ್ಮದಿ ಹಾಳಾಯಿತು. ಗಾಳಿಯಲ್ಲಿ ಬರುವಂಥದ್ದು ನಡುವೆ ಕಾಣೆಯಾದರೆ ಎಲ್ಲಿ ಅಂತ ಹುಡುಕಬೇಕು?

ನನ್ನ ಮೇಲಿನವರು ಸಾವಂತ್ ಸಾಹೇಬರು. ಕೆಟ್ಟವರಲ್ಲ. ಅವರ ಮೇಲೂ ಒಬ್ಬರು ಕೂತಿದ್ದರು, ಅಷ್ಟೇ. ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಮಾತು: "ಇಮಾಮ್, ಆಧೀ ತಕ್ರಾರ್ ಬಂದ್ ಕರ್, ಮಗ್ ವಿಚಾರ್ ಕರ್." ಮೊದಲು ದೂರನ್ನು ಮುಗಿಸು, ಆಮೇಲೆ ಯೋಚನೆ ಮಾಡು ಎಂದರ್ಥ. ಕಾರಣ ಏನೆಂದು ತಿಳಿಯದಿದ್ದರೆ ಬರೆಯಲು ಒಂದು ಮಾತು ಸದಾ ತಯಾರಿರುತ್ತಿತ್ತು: ಗ್ರಾಹಕರ ಲ್ಯಾಪ್‌ಟಾಪಿನ ದೋಷ. ನಿಮಗೂ ಇದನ್ನೇ ಕಲಿಸುತ್ತಾರೆ, ನೋಡುತ್ತಿರಿ.

ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಲ್ಯಾಪ್‌ಟಾಪಿನ ಕೀಲಿಗಳ ಮೇಲಿನ ಸಾಲಿನಲ್ಲಿ ಒಂದು ಪುಟ್ಟ ವಿಮಾನದ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಯಂತ್ರ ವೈಫೈಯನ್ನು ತಾನೇ ಬಿಟ್ಟು ಕೂರುತ್ತದೆ. ಎಷ್ಟು ಮನೆಗಳಲ್ಲಿ ಬೆಕ್ಕು, ಮಗು, ಧೂಳು ಒರೆಸುವ ಕೆಲಸದಾಕೆ ಆ ಕೀಲಿ ಒತ್ತಿರುತ್ತಾರೋ ಲೆಕ್ಕವಿಲ್ಲ. ನಾವು ಬೆವರು ಸುರಿಸುತ್ತ ನಾಲ್ಕು ಮಹಡಿ ಹತ್ತಿ ಹೋಗಿ ವಿಮಾನ ಇಳಿಸಿ ಬರುವುದು. ಮನೆಯವರು "ಇಷ್ಟೇನಾ?" ಅನ್ನುತ್ತಾರೆ. ಹತ್ತಿ ಬಂದವನಿಗೆ ನೀರು ಬೇಕಾ ಅಂತ ಕೇಳುವುದು ಅವರಿಗೆ ಹೊಳೆಯುವುದಿಲ್ಲ.

ನನ್ನ ದೊಡ್ಡ ಪೆದ್ದುತನ ದಾದರಿನದು. ಬೆಳಗಾವಿಯವರ ಸ್ಟೀಲ್ ಪಾತ್ರೆ ಅಂಗಡಿ. ರೌಟರ್ ಮುಂದಿನ ಗಲ್ಲಾಪೆಟ್ಟಿಗೆಯ ಹತ್ತಿರ, ಮಾಲೀಕರು ಬಿಲ್ ಮಾಡುವ ಲ್ಯಾಪ್‌ಟಾಪ್ ಒಳಗಿನ ಮೂಲೆಯಲ್ಲಿ. ಕೆಲವು ದಿನ ನೆಟ್ ಚೆನ್ನಾಗಿ ಓಡುತ್ತದೆ, ಕೆಲವು ದಿನ ಉಸಿರೇ ಇಲ್ಲ. ನಾನು ತಂತಿ ಬದಲಿಸಿದೆ, ಡಬ್ಬಿ ಬದಲಿಸಿದೆ, ಕೊನೆಗೆ ಸಾವಂತ್ ಸಾಹೇಬರ ಮಾತಿನಂತೆ ಲ್ಯಾಪ್‌ಟಾಪೇ ಕೆಟ್ಟಿದೆ ಅಂದೆ. ಪಾಪ, ಸಾವಕಾರರು ಹೊಸದು ತಂದರು. ಅದೂ ಹಾಗೇ. ದೀಪಾವಳಿಯ ಧನತೇರಸಿಗೆ ಮುಂಚೆ ಹೋದಾಗ ನೋಡುತ್ತೇನೆ, ನಡುವೆ ಮಾಳಿಗೆ ಮುಟ್ಟುವಷ್ಟು ಡಬರಿ, ಕೊಡ, ಪರಾತ ಪೇರಿಸಿದ್ದಾರೆ. ಸ್ಟೀಲಿನ ಆ ಗೋಡೆ ದಾಟಿ ಸಿಗ್ನಲ್ ಹೋಗುವುದಾದರೂ ಹೇಗೆ? ಮಾಲು ಖಾಲಿಯಾದ ದಿನ ನೆಟ್ ಸರಾಗ, ಮಾಲು ಕೂತ ದಿನ ನೆಟ್ಟೂ ಕೂರುತ್ತದೆ.

"ಅಂದ್ರ ನನ್ನ ಧಂದಾ ಬಿದ್ದಾಗ ನಿನ್ನ ನೆಟ್ಟೂ ಬೀಳತೈತೇನಪಾ?" ಅಂದರು ಸಾವಕಾರರು.

"ಹೌದ್ರಿ ಸಾವಕಾರ್ರ" ಅಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಇಂಥವು ಬೇಕಾದಷ್ಟಿವೆ. ಆದರೆ ಈ ಕೆಲಸದ ಬಗ್ಗೆ ನನಗಿದ್ದ ಅಷ್ಟಿಷ್ಟು ಆಸೆಯನ್ನೂ ತೆಗೆದುಹಾಕಿದ್ದು ದಹಿಸರಿನ ಒಂದು ಮನೆ. ನಿವೃತ್ತನಾಗುವ ವರ್ಷದ ಮಾತು.

ಅದು ಸುಶೀಲಾ ಅಕ್ಕೋರ ಮನೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಧಾರವಾಡದವರು, ನನ್ನ ಶಾಲೆಯಂಥದೇ ಇನ್ನೊಂದು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಂಡ ವಸಂತರಾಯರ ಜೊತೆ ಹಳೆಯ ಬಿಲ್ಡಿಂಗಿನ ಒಂದನೇ ಮಹಡಿಯಲ್ಲಿ ಇದ್ದರು. ನಮ್ಮ ಕಡೆಯವರ ಸಂಘವೊಂದು ಮುಂಬಯಿಯಲ್ಲೇ ಹುಟ್ಟಿ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡ ಕಲಿಸಲು ಅವರನ್ನು ಕೇಳಿಕೊಂಡಿತ್ತು. ಮಂಗಳವಾರ, ಶುಕ್ರವಾರ ಸಂಜೆ ಏಳರಿಂದ ಒಂದು ತಾಸು, ಲ್ಯಾಪ್‌ಟಾಪಿನಲ್ಲಿ. ಎಂಟೊಂಬತ್ತು ಮಕ್ಕಳು ತಂತಮ್ಮ ಮನೆಯಿಂದಲೇ ಕೂಡುತ್ತಿದ್ದರು. ಅಕ್ಕೋರ ದೂರು: ಪಾಠದ ನಡುವೆ ಪ್ರತಿಸಲ ನೆಟ್ ಹೋಗುತ್ತದೆ, ತಿರುಗಿ ಬರುವಷ್ಟರಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ.

ರೌಟರ್ ಮೇಲೆ ಕಸೂತಿ ಹಾಕಿದ ಬಟ್ಟೆಯ ಮುಸುಕು ಇತ್ತು. ಟಿವಿಗೆ, ಮಿಕ್ಸರಿಗೆ, ನೀರಿನ ಫಿಲ್ಟರಿಗೆ ಹೊಲಿದ ಹಾಗೆ ಇದಕ್ಕೂ ಹೊಲಿದಿದ್ದರು, ದೀಪಗಳು ಕಾಣಲಿ ಎಂದು ಮುಂದೆ ಒಂದು ಕಿಟಕಿ ಬೇರೆ. ಮುಟ್ಟಿದರೆ ಡಬ್ಬಿ ಕಾದ ಹಂಚಾಗಿತ್ತು. ಸಿಕ್ಕಿತು ರೋಗ ಅಂದುಕೊಂಡೆ.

"ಅಕ್ಕೋರ, ಇದಕ್ಕ ಸೆಕಿ ಆಗೇತ್ರಿ. ಕುಲಾಯಿ ತೆಗೀರಿ" ಅಂದೆ.

"ಧೂಳ ಕೂಡ್ತದಲ್ಲೋ ತಮ್ಮಾ."

"ಧೂಳ ಕೂಡ್ಲಿ ಬಿಡ್ರಿ. ಜೀವ ಇದ್ರ ಸಾಕು."

ಅವರು ಮುಸುಕನ್ನು ಮಡಚಿ ಕಪಾಟಿನಲ್ಲಿಟ್ಟರು. ಶುಕ್ರವಾರ ಮತ್ತೆ ಫೋನ್. ಪುನಃ ಹೋದೆ. ಅಕ್ಕಪಕ್ಕದ ಮನೆಗಳ ಡಬ್ಬಿಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ಗದ್ದಲ ಹಾಕುತ್ತಿದ್ದವು, ಇವರದನ್ನು ಬೇರೆ ಚಾನೆಲ್ಲಿಗೆ ಹಾಕಿದೆ. ಲ್ಯಾಪ್‌ಟಾಪನ್ನು ಕಬ್ಬಿಣದ ಕಪಾಟಿನ ಹಿಂದಿನಿಂದ ಈಚೆ ತರಿಸಿದೆ. ಅದರ ಸೆಟ್ಟಿಂಗ್ ಒಂದೊಂದೇ ನೋಡಿದೆ. ಮಂಗಳವಾರ ಮತ್ತೆ ಫೋನ್. ಸಾವಂತ್ ಸಾಹೇಬರು, "ಲ್ಯಾಪ್‌ಟಾಪ್ ದೋಷ ಅಂತ ಹಾಕಿ ಮುಗಿಸು" ಅಂದರು. ದಾದರಿನ ಸಾವಕಾರರು ನೆನಪಾಗಿ ಈ ಸಲ ನಾನು ಹಾಕಲಿಲ್ಲ.

"ಸಂಘದವರು ಹೇಳ್ಯಾರಪಾ" ಅಂದರು ಅಕ್ಕೋರು. "ಐದು ಮಕ್ಕಳಿಗಿಂತ ಕಡಿಮಿ ಆದ್ರ ಕ್ಲಾಸ್ ಬಂದ್ ಅಂತ. ನಾ ಕಲಿಸಿದ ಶಾಲಿ ನನ್ನ ಕಣ್ಣಮುಂದನ ಮುಚ್ಚಿತು. ಅದಕ್ಕ ಕೀಲಿ ಹಾಕಿದವರು ಬ್ಯಾರೆ ಮಂದಿ. ಇದು ನನ್ನ ಮನಿಯಾಗ ಮುಚ್ಚಿದ್ರ ನಾ ಯಾರಿಗೆ ಅನ್ನಲಿ?"

ಅದಕ್ಕೇ ಪಾಠದ ಹೊತ್ತಿಗೇ ಹೋಗಿ ಕೂತೆ. ನಾನು ಸ್ಟೂಲಿನ ಮೇಲೆ, ಕಣ್ಣು ರೌಟರಿನ ದೀಪಗಳ ಮೇಲೆ. ಪರದೆಯಲ್ಲಿ ಪುಟ್ಟ ಪುಟ್ಟ ಚೌಕಗಳಲ್ಲಿ ಮಕ್ಕಳು. ಪಾಠ ಚೆನ್ನಾಗಿ ನಡೆದಿತ್ತು. ಇಪ್ಪತ್ತು ನಿಮಿಷ ಆಗಿರಬೇಕು, ಕೆಳಗೆ ಗರ್ ಅಂತ ಸದ್ದು ಕೇಳಿಸಿತು. ವಸಂತರಾಯರು ಪೇಪರ್ ಮಡಚಿ, "ನೀರ ಬಂತು" ಎನ್ನುತ್ತ ಬಕೆಟ್ಟು ತುಂಬಲು ಎದ್ದರು. ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಪಿಳುಕಿಸಿತು. ರೌಟರಿನ ದೀಪಗಳೆಲ್ಲ ಆರಿ, ಮೊದಲಿನಿಂದ ಒಂದೊಂದಾಗಿ ಹತ್ತತೊಡಗಿದವು.

ವಾಚ್‌ಮನ್ ನೀರಿನ ಪಂಪು ಹಾಕಿದ್ದ. ಹಳೆಯ ಬಿಲ್ಡಿಂಗು, ಹಳೆಯ ವಾಯರಿಂಗು. ಪಂಪು ಎಳೆದ ಗಳಿಗೆಗೆ ಕರೆಂಟು ಕುಸಿಯುತ್ತಿತ್ತು. ಬೇರೆ ಮನೆಗಳ ಡಬ್ಬಿಗಳು ಅದನ್ನು ತಡೆದುಕೊಳ್ಳುತ್ತಿದ್ದವು, ಅಕ್ಕೋರ ಡಬ್ಬಿಯ ಅಡಾಪ್ಟರ್ ಸವೆದುಹೋಗಿತ್ತು. ರೋಗ ಇದ್ದದ್ದು ಗಾಳಿಯಲ್ಲಲ್ಲ, ನೀರಿನಲ್ಲಿ. ಮರುದಿನವೇ ಹೊಸ ಅಡಾಪ್ಟರ್, ಜೊತೆಗೊಂದು ಚಿಕ್ಕ ಬ್ಯಾಟರಿ ಪೆಟ್ಟಿಗೆ ಹಾಕಿಕೊಟ್ಟೆ. ಮುಂದಿನ ಪಾಠದಲ್ಲಿ ಪಂಪು ಎಷ್ಟು ಗರ್ ಎಂದರೂ ದೀಪ ಅಲುಗಲಿಲ್ಲ. ಅಕ್ಕೋರು ಫೋನಿನಲ್ಲಿ, "ಇಮಾಮ, ಇವತ್ತ ಪೂರಾ ತಾಸು ಪಾಠ ಮಾಡಿದೆ ನೋಡು!" ಅಂದರು. ಆ ದನಿಯಲ್ಲಿ ಎಳೆಯ ಹುಡುಗಿಯ ಖುಷಿ ಇತ್ತು. ನನಗೂ ಖುಷಿಯಾಯಿತು. ಸುಳ್ಳು ಯಾಕೆ, ಅವತ್ತು ಲೋಕಲ್ ರೈಲಿನಲ್ಲಿ ನಿಂತು ಬರುತ್ತ ನನ್ನಷ್ಟಕ್ಕೆ ನಾನೇ ನಕ್ಕಿದ್ದೆ.

ತಿಂಗಳು ಕಳೆಯುವುದರೊಳಗೆ ಅವರಿಂದ ಮತ್ತೆ ಫೋನ್. ಈಗ ಅವರ ನೆಟ್ ಹೋಗುತ್ತಿರಲಿಲ್ಲ, ಮಕ್ಕಳದು ಹೋಗುತ್ತಿತ್ತು. ಇವತ್ತು ಒಬ್ಬರದು, ನಾಳೆ ಇಬ್ಬರದು. "ಅಕ್ಕೋರೇ, ನೆಟ್ವರ್ಕ್" ಎಂದವರೇ ಮಾಯ. ಕೆಲವರು ಬರುವುದನ್ನೇ ಬಿಟ್ಟಿದ್ದರು. "ನನ್ನ ಡಬ್ಬಿಯಿಂದ ಅವರ ಡಬ್ಬಿಗೆ ಏನರ ಬಡಿತದೇನೋ?" ಎಂದು ಕೇಳಿದರು. ಹಾಗೆಲ್ಲ ಆಗುವುದಿಲ್ಲ ಅಂದೆ.

ಆ ವಾರವೇ ವಿಲೆ ಪಾರ್ಲೆಯ ಒಂದು ಫ್ಲ್ಯಾಟಿನಿಂದ ದೂರು ಬಂತು. ಲ್ಯಾಪ್‌ಟಾಪಿನಲ್ಲಿ ವೈಫೈ ನಿಲ್ಲುವುದಿಲ್ಲ. ಬಾಗಿಲು ತೆರೆದವರು ಶ್ರುತಿ ಎಂಬ ತರುಣಿ, ಆರನೆಯ ತರಗತಿಯಲ್ಲಿ ಓದುವ ಅನ್ವಿಯ ತಾಯಿ. ನನ್ನ ಹೆಸರು, ಊರು ಕೇಳಿ, ಕಷ್ಟಪಟ್ಟು ಕನ್ನಡಕ್ಕೆ ತಿರುಗಿದರು.

"ಅಂಕಲ್, ವೈಫೈ ಬಾರ್ ಬಾರ್ ಡ್ರಾಪ್ ಆಗ್ತದೆ. ಸಿರ್ಫ್ ಟ್ಯೂಸ್‌ಡೇ ಔರ್ ಫ್ರೈಡೇ. ಇವ್ಳ ಕನ್ನಡ ಕ್ಲಾಸ್ ಇರ್ತದಲ್ಲ, ದಹಿಸರ್ ಅಕ್ಕೋರದು, ತಬ್."

ಯಾವ ಕ್ಲಾಸ್ ಎಂದು ನನಗೆ ಅಲ್ಲೇ ಗೊತ್ತಾಯಿತು. ಆದರೂ ಕೆಲಸ ಕೆಲಸವೇ. ರೌಟರ್ ನೋಡಿದೆ, ಹೊಸದು. ಸಿಗ್ನಲ್ ಮನೆಯ ಮೂಲೆ ಮೂಲೆಗೂ ತುಂಬಿತ್ತು. ಲ್ಯಾಪ್‌ಟಾಪ್ ತೋರಿಸು ಮಗಳೇ ಅಂದೆ. ಅನ್ವಿ ತಂದು ತೆರೆದು, "ದೇಖೋ ಅಂಕಲ್, ನಹೀ ಹೈ" ಅಂದಳು. ಪರದೆಯ ಮೂಲೆಯಲ್ಲಿ ಪುಟ್ಟ ವಿಮಾನ ಹತ್ತಿ ಕೂತಿತ್ತು. ಕೀಲಿ ಒತ್ತಿದೆ, ಇಳಿಯಿತು. ನೆಟ್ ಬಂತು. ಹುಡುಗಿ ತಾಯಿಯ ಮುಖ ನೋಡಿದಳು, ತಾಯಿ ನೆಲ ನೋಡಿದರು.

ಮಗಳನ್ನು ಒಳಗೆ ಕಳಿಸಿ ಶ್ರುತಿ ಮೆಲ್ಲಗೆ ಹೇಳಿದರು. "ನಂಗೆ ಮಾಲೂಮ್ ಇದೆ ಅಂಕಲ್. ಸ್ಕೂಲ್ ಆಯ್ತು, ಟ್ಯೂಷನ್ ಆಯ್ತು, ಊಪರ್ ಸೆ ಇದು. ಅವ್ಳು ರೋತಾಳೆ. ಆದ್ರೆ ನಮ್ಮ ಸಾಸೂಮಾ, ಇವ್ಳ ಅಜ್ಜಿ, ಸಂಘದ ಕಮಿಟೀಲಿ ಇದ್ದಾರೆ, ಬಿಡಿಸ್ತೀನಿ ಅಂತ ನಾನು ಹೇಗೆ ಹೇಳ್ಲಿ? ನೀವು ಕಂಪನಿಯವ್ರು. ಇಲ್ಲಿ ನೆಟ್ ಖರಾಬ್ ಇದೆ ಅಂತ ನೀವು ಬೋಲ್ ದಿಯಾ ತೋ ಯಾರ್ಗೂ ಬೇಜಾರಾಗಲ್ಲ."

ಕೆಟ್ಟದ್ದನ್ನು ಸರಿಮಾಡಿ ಎಂದು ಕರೆದವರನ್ನು ನೋಡಿದ್ದೇನೆ. ಸರಿಯಿರುವುದನ್ನು ಕೆಟ್ಟಿದೆ ಎಂದು ಹೇಳಲು ಕರೆದದ್ದು ಅದೇ ಮೊದಲು. ನಾನು ಚೀಲದ ಜಿಪ್ಪು ಎಳೆದೆ. ಅವರು ಇನ್ನೊಂದು ಮಾತು ಸೇರಿಸಿದರು.

"ಪಹಲೇ ಪ್ರಾಬ್ಲಂ ಇರ್ಲಿಲ್ಲ ಅಂಕಲ್. ಪಹಲೇ ಅಕ್ಕೋರದ್ದೇ ನೆಟ್ ಹೋಗ್ತಿತ್ತು. ಇಪ್ಪತ್ತು ಮಿನಿಟ್ ಇವ್ಳು ಖುಷಿಯಿಂದ ಕೂತ್ಕೊತಿದ್ಲು. ಎಲ್ಲ ಬಚ್ಚೆ ಲೋಗ್ ಕೂತ್ಕೊತಿದ್ರು. ಈಗ ಯಾರೋ ಅದನ್ನ ರಿಪೇರ್ ಮಾಡ್ಬಿಟ್ಟಿದ್ದಾರೆ."

ಆ ಯಾರೋ ನಾನೇ ಎಂದು ನಾನು ಹೇಳಲಿಲ್ಲ. ಈಗ ದೂರು ಮುಗಿಸಲು ಫೋನಿನ ಆ್ಯಪಿನಲ್ಲಿ ಕಾರಣ ಆರಿಸಬೇಕು. ತಂತಿ, ಡಬ್ಬಿ, ಕರೆಂಟು, ಲ್ಯಾಪ್‌ಟಾಪ್ ಎಲ್ಲವೂ ಇವೆ, ಮಗುವಿಗೆ ಬೇಡ ಎಂಬುದು ಇಲ್ಲ. ಲ್ಯಾಪ್‌ಟಾಪ್ ದೋಷ ಎಂದು ಒತ್ತಿ ಇಳಿದು ಬಂದೆ. ಪಾರ್ಲೆ ಸ್ಟೇಷನ್ನಿನಲ್ಲಿ ಎರಡು ಲೋಕಲ್ ಬಂದು ಹೋದರೂ ಹತ್ತುವ ಮನಸ್ಸಾಗಲಿಲ್ಲ. ತಾಯಿಯ ಮೇಲೆ ಸಿಟ್ಟು ಬರಲಿಲ್ಲ, ಮಗುವಿನ ಮೇಲಂತೂ ಇಲ್ಲವೇ ಇಲ್ಲ. ನನ್ನ ಮೊಮ್ಮಕ್ಕಳಿಗೇ ಕನ್ನಡದಲ್ಲಿ ಹತ್ತು ಎಣಿಸಲು ಬರುವುದಿಲ್ಲ. ಸಿಟ್ಟು ಬಂದದ್ದು ಆ ಬ್ಯಾಟರಿ ಪೆಟ್ಟಿಗೆಯ ಮೇಲೆ.

ಅಕ್ಕೋರಿಗೆ ಹೇಳಲೇಬೇಕಿತ್ತು. ಹೋಗಿ ಕೂತು, ಹೇಗೆ ಶುರು ಮಾಡಲಿ ಎಂದು ಚಹಾ ಲೋಟ ತಿರುಗಿಸುತ್ತಿದ್ದೆ.

"ಗೊತ್ತದಪಾ" ಅಂದರು ಅವರೇ. "ಇಷ್ಟು ವರ್ಷ ಮಕ್ಕಳ ಮುಖ ನೋಡೀನಿ. ನೆಟ್ ಹೋಗಿ ನಿಂತ ಮುಖ ಬ್ಯಾರೆ, ಉಸಿರು ಬಿಗಿಹಿಡಕೊಂಡು ನಿಂತ ಮುಖ ಬ್ಯಾರೆ. ಕಲ್ಲಿನಂಗ ಕೂತಿರ್ತಾವ, ಹಿಂದ ಫ್ಯಾನ್ ತಿರಗತಿರ್ತದ."

ವಸಂತರಾಯರು ಪೇಪರಿನ ಹಿಂದಿನಿಂದ ತಲೆ ಎತ್ತಲಿಲ್ಲ.

"ಮೊನ್ನೆ ನಾಕ ಮಂದಿ ಇದ್ರು" ಅಂದರು ಅಕ್ಕೋರು. "ಸಂಘದವರಿಗೆ ಇನ್ನೂ ಹೇಳಿಲ್ಲ. ಇಮಾಮ, ಒಂದ ಮಾತು ಕೇಳ್ತೀನಿ, ಇಲ್ಲ ಅನಬ್ಯಾಡ. ಆ ಬ್ಯಾಟರಿ ತಗೊಂಡು ಹೋಗು. ಹಳೇ ಅಡಾಪ್ಟರ್ ಹಚ್ಚು. ಮೊದಲ ಹೆಂಗಿತ್ತೋ ಹಂಗ ಮಾಡು."

"ಅಕ್ಕೋರ, ಅದರ ಬದಲಿ ಕ್ಲಾಸನ್ನ ಇಪ್ಪತ್ತ ನಿಮಿಷಕ್ಕ ಮುಗಸ್ರಿ. ಆತಲ್ಲ?"

"ಆಗಂಗಿಲ್ಲ. ನಾ ಬಿಟ್ರ ಅದು ಟೈಮ್ ಟೇಬಲ್ ಆಗ್ತದ. ತಾನ ಸಿಕ್ರ ಸೂಟಿ. ಸೂಟಿ ಸಿಗ್ತದ ಅಂದ್ರ ಹುಡುಗ್ರು ಎಲ್ಲಿಂದಾದ್ರೂ ಬರ್ತಾವ."

"ಹಂಗಾದ್ರ ಪಂಪ್ ಹಚ್ಚಿದಾಗ ನೀವ ಸ್ವಿಚ್ ಆರಿಸಿಬಿಡ್ರಿ."

ಅವರು ನನ್ನನ್ನು ದಡ್ಡ ಹುಡುಗನನ್ನು ನೋಡಿದಂತೆ ನೋಡಿದರು. "ಕೈಯಾರ ಆರಿಸಿ ನೆಟ್ ಹೋತು ಅನ್ನಲೇನು? ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಹೇಳ್ಕೋತ ಬಂದಾಕಿ ನಾನು. ಅದು ತಾನ ಹೋಗಬೇಕು."

ನಾನು ಬ್ಯಾಟರಿ ಪೆಟ್ಟಿಗೆ ಬಿಚ್ಚಿದೆ. ಚೀಲದ ತಳದಲ್ಲಿ ಇನ್ನೂ ಬಿದ್ದಿದ್ದ ಸವೆದ ಅಡಾಪ್ಟರನ್ನು ತಿರುಗಿ ಸಿಕ್ಕಿಸಿದೆ. ಇಡೀ ಸರ್ವೀಸಿನಲ್ಲಿ ಗೊತ್ತಿದ್ದೂ ಕೆಡಿಸಿದ ಕೆಲಸ ಅದೊಂದೇ. ಅಕ್ಕೋರು ಕಪಾಟಿನಿಂದ ಕಸೂತಿಯ ಮುಸುಕು ತಂದು, ಕಿಟಕಿ ಮುಂದೆ ಬರುವಂತೆ ನೇರ ಮಾಡಿ ಡಬ್ಬಿಗೆ ಹಾಕಿದರು.

ಮಂಗಳವಾರ ನೆಟ್ ಹೋಯಿತು. ಅವತ್ತಿದ್ದ ಮಕ್ಕಳಿಂದ ಉಳಿದವರಿಗೆ ಸುದ್ದಿ ಮುಟ್ಟಿರಬೇಕು. ಶುಕ್ರವಾರ ನಾನೇ ನೋಡಲು ಹೋದೆ. ಏಳು ಮಕ್ಕಳಿದ್ದರು. ಅನ್ವಿಯೂ ಇದ್ದಳು. ಮೊದಲು ಆ ಮನೆಯಲ್ಲಿ ನೋಡಿದ್ದಾಗ ಅಕ್ಕೋರು ನಿಧಾನವಾಗಿ, ನಡುನಡುವೆ ನಗಿಸುತ್ತ ಕಲಿಸುತ್ತಿದ್ದರು. ಈಗ ಹಾಗಲ್ಲ. ರೈಲು ಬಿಡುವ ಮುಂಚೆ ಕಿಟಕಿಯಲ್ಲಿ ಮಾತಾಡುವವರಂತೆ ಅವಸರ ಅವಸರ. ಎಲ್ಲರಿಗೂ ಒಂದೊಂದು ಪ್ರಶ್ನೆ, ಯಾರನ್ನೂ ಬಿಡುವ ಹಾಗಿಲ್ಲ.

"ಅನ್ವಿ, ಇವತ್ತು ಊಟದ ಡಬ್ಬಿಗೆ ಏನು ಒಯ್ದಿದ್ದಿ?"

"ನಾನು ಪೋಳಿ ಭಾಜಿ ತಿನ್ನಿದೆ."

"ತಿಂದೆ. ಹೇಳು, ನಾನು ತಿಂದೆ."

"ನಾನು ತಿಂದೆ."

"ಶಾಣ್ಯಾ ಹುಡುಗಿ. ನಿಮ್ಮ ಅವ್ವ ಏನು ತಿಂದಳು?"

ಕೆಳಗೆ ಗರ್ ಅಂತು. ಟ್ಯೂಬ್‌ಲೈಟ್ ಕಣ್ಣು ಪಿಳುಕಿಸಿತು. ಪರದೆಯಲ್ಲಿ ಏಳೂ ಮುಖಗಳು ನಿಂತವು. ಈ ಸಲ ನಿಜವಾಗಿ ನಿಂತವು, ಹಿಂದಿನ ಫ್ಯಾನುಗಳೂ ನಿಂತಿದ್ದವು. ಅನ್ವಿ ಬಾಯಿ ತೆರೆದಿದ್ದಳು. ಉತ್ತರಕ್ಕೋ ನಗುವುದಕ್ಕೋ ಗೊತ್ತಾಗಲಿಲ್ಲ. ಅಕ್ಕೋರು ಆ ಮುಖವನ್ನೇ ನೋಡುತ್ತ, "ನಮ್ಮ ಅವ್ವನೂ ಪೋಳಿ ಭಾಜಿ ತಿಂದಳು" ಎಂದು ಉತ್ತರವನ್ನು ತಾವೇ ಹೇಳಿ ಮುಗಿಸಿದರು. ಆಮೇಲೆ ಪರದೆ ಖಾಲಿಯಾಯಿತು. ವಸಂತರಾಯರು ಬಕೆಟ್ಟು ತೆಗೆದುಕೊಂಡು ಎದ್ದರು.

ಸ್ವಲ್ಪ ದಿನಕ್ಕೆ ನಾನು ನಿವೃತ್ತನಾದೆ. ಶಾಲು ಹೊದಿಸಿದರು. ಸಾವಂತ್ ಸಾಹೇಬರು, ಇಮಾಮ್ ಮುಟ್ಟಿದ್ದು ಎಂದೂ ಕೆಡಲಿಲ್ಲ ಎಂದು ಭಾಷಣ ಮಾಡಿದರು. ನಾನು ದಹಿಸರನ್ನು ನೆನೆಸಿಕೊಂಡು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಅಂದುಕೊಂಡರು.

ಮೊನ್ನೆ ಮಂಗಳವಾರ ಸಂಜೆ ಅಕ್ಕೋರ ಫೋನ್ ಬಂತು.

"ಇವತ್ತ ಎಂಟೂ ಮಂದಿ ಬಂದಿದ್ರು" ಅಂದರು. ಹಿಂದೆ ಪಂಪಿನ ಸದ್ದು, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. "ಈಗ ಹೋತು ನೋಡು ನೆಟ್. ಅದಕ್ಕ ನಿನಗ ಫೋನ್ ಹಚ್ಚಿದೆ."

"ಚಲೋ ಆತಲ್ರಿ."

"ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೊಂಟದ. ಎಲ್ಲಾರೂ ಸಹಿ ಮಾಡ್ಯಾರ. ಕೆಡವಿ ಹೊಸದು ಕಟ್ಟೂತನಕ ಬಾಡಿಗಿಗೆ ಇರಾಕ ಒಂದು ಹೊಸ ಟವರ್‌ನ್ಯಾಗ ಮನಿ ನೋಡ್ಯಾರ." ಆಮೇಲೆ ಕೇಳಿದರು. "ಇಮಾಮ, ಅಂಥಾ ಕಡೆ ಪಂಪ್ ಹಚ್ಚಿದ್ರ ಕರೆಂಟ್ ಬೀಳಂಗಿಲ್ಲಂತ. ಖರೇನು?"

"ಖರೇರಿ ಅಕ್ಕೋರ. ಅಲ್ಲಿ ಎಲ್ಲಾ ಹೊಸಾ ವಾಯರಿಂಗ್."

"ನಿನ್ನ ಕಡಿಂದ ಏನೂ ಮಾಡಾಕ ಬರಂಗಿಲ್ಲೇನು?"

ಹೊಸದಾಗಿ ಸೇರಿದವರು ಕೇಳಬಹುದು, ಇಷ್ಟು ವರ್ಷ ಕೆಲಸ ಮಾಡಿ ಏನು ಕಲಿತಿರಿ ಎಂದು. ಆ ಪ್ರಶ್ನೆಗೂ ಅಕ್ಕೋರ ಪ್ರಶ್ನೆಗೂ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ.

"ಇಲ್ರಿ" ಅಂದೆ.

"ಆತು, ಬಿಡು" ಅಂದರು ಅಕ್ಕೋರು. "ಇಡ್ತೀನಿ ತಮ್ಮಾ. ನೀರ ತುಂಬಬೇಕು."